ವೈಪರ್ ಕೆಳಗೆ ಸಿಕ್ಕ ಗಾಜು

ಭಾನುವಾರ ಕಣ್ಣಿನ ಕ್ಲಿನಿಕ್ಕಿಗೆ ರಜೆ. ಆದರೂ ಬಾಗಿಲ ಸದ್ದಿಗೆ ಸಿಸ್ಟರ್ ಕಾಫಿ ಲೋಟವನ್ನು ಅಲ್ಲೇ ಇಟ್ಟು ಎದ್ದರು. ಹೊರಗೆ ಎದುರುಮನೆಗೆ ಹೊಸದಾಗಿ ಬಂದಿದ್ದ ಪಿಟೀಲು ಮೇಷ್ಟ್ರು, ಹೊಸಬರೆಲ್ಲ ಮಾಡುವ ಹಾಗೆಯೇ, ಬಾಗಿಲನ್ನು ತಳ್ಳುತ್ತ ನಿಂತಿದ್ದರು. ಅದು ಪಕ್ಕಕ್ಕೆ ಸರಿಯುವ ಬಾಗಿಲು. ಅದರ ಹಿಡಿ ನೋಡಿದವರಿಗೆ ತಳ್ಳಬೇಕು ಅನ್ನಿಸುತ್ತಿತ್ತು.

ಸಿಸ್ಟರ್ ಬಾಗಿಲು ಸರಿಸಿದರು. ಮೇಷ್ಟ್ರ ಹಿಂದೆ ಅವರ ಹೆಂಡತಿ, ಅವಳ ಕಂಕುಳಲ್ಲಿ ಮಗು.

"ರಜೆ ದಿನ ತೊಂದರೆ ಕೊಡ್ತಿದೀವಿ," ಅಂದರು ಮೇಷ್ಟ್ರು. "ನಿನ್ನೆ ತಂದ ಕಾರು ತೊಳೀತಿದ್ದೆ. ವೈಪರ್ ಕೆಳಗೆ ನೀರು ಇಳಿಯೋ ಜಾಲರಿ ಇರುತ್ತಲ್ಲ, ಅದರ ತುಂಬ ಒಣಗಿದ ಎಲೆ. ಬಿಚ್ಚಿ ಕೆರೆದು ತೆಗೆದಾಗ ಇದು ಸಿಕ್ತು. ಇವಳು ನೋಡದೆ ಇದ್ದಿದ್ರೆ ಮಗು ಬಾಯಿಗೆ ಹಾಕ್ಕೊಂಡಿರೋದು. ಯಾರದೋ ಕನ್ನಡಕದ್ದು ಇರಬೇಕು, ನೀವಾದ್ರೆ ಹೇಳ್ತೀರ ಅಂತ..."

ಕರವಸ್ತ್ರದೊಳಗೆ ಒಂದು ಕನ್ನಡಕದ ಗಾಜು. ಅಂಚು ಸ್ವಲ್ಪ ಮುಕ್ಕಾಗಿತ್ತು, ಅಷ್ಟೇ.

ಒಳಗಿನಿಂದ ಡಾಕ್ಟರಮ್ಮ ಬಂದರು. ಬೀದಿಯ ಕಣ್ಣುಗಳನ್ನೆಲ್ಲ ನೋಡಿ ನೋಡಿ ಅವರ ಕೂದಲು ನೆರೆತಿತ್ತು. ಕಣ್ಣಷ್ಟೇ ಅಲ್ಲ, ಕಳುವಾದ ಬಳೆ, ಹೆಸರಿಲ್ಲದ ಬೆದರಿಕೆ, ಪರಾರಿಯಾದ ಅಳಿಯ, ಇಂಥವೂ ಅವರ ಬಳಿಗೇ ಬರುತ್ತಿದ್ದವು. ಜನರ ಮುಖ ಮಾತ್ರ ಅವರಿಗೆ ನೆನಪಿರುತ್ತಿರಲಿಲ್ಲ. ಸಂತೆಯಲ್ಲಿ ಸ್ವಂತ ತಮ್ಮನನ್ನೇ "ಯಾರಪ್ಪ ನೀನು" ಎಂದು ಕೇಳಿದ್ದನ್ನು ಸಿಸ್ಟರ್ ಇವತ್ತಿಗೂ ಆಡಿಕೊಂಡು ನಗುತ್ತಿದ್ದರು.

ಡಾಕ್ಟರಮ್ಮ ಗಾಜನ್ನು ಕಿಟಕಿಗೆ ಹಿಡಿದು ತಿರುಗಿಸಿದರು. ಬೆರಳಿಂದ ಅಂಚು ಸವರಿದರು. ಮತ್ತೊಮ್ಮೆ ಸವರಿದರು.  

"ಸಿಸ್ಟರ್, ಕೂತ್ಕೊಳ್ಳಿ," ಅಂದರು ಡಾಕ್ಟರಮ್ಮ. "ಇದು ಗಡಿಯಾರದ ತಾತಂದು."

ಸಿಸ್ಟರ್ ಕೂತರು. 

ಗಡಿಯಾರ ರಿಪೇರಿ ಮಾಡುತ್ತಿದ್ದ ಆ ಮುದುಕನಿಗೆ ಪಾರ್ಶ್ವವಾಯು ಹೊಡೆದು ಕಣ್ಣಿಗೆ ಒಂದು ಎರಡಾಗಿ ಕಾಣತೊಡಗಿತ್ತು. ಡಾಕ್ಟರಮ್ಮ ಹಟಕ್ಕೆ ಬಿದ್ದವರಂತೆ ಲೆಕ್ಕ ಹಾಕಿ, ಒಂದು ಅಂಚು ದಪ್ಪಗೆ, ಎದುರಿನ ಅಂಚು ತೆಳ್ಳಗೆ ಇರುವ ಗಾಜನ್ನು ಅವನಿಗೆಂದೇ ಮಾಡಿಸಿದ್ದರು. ತಾತ ಮತ್ತೆ ಅಂಗಡಿ ತೆರೆದಿದ್ದ. ಹೋದ ವರ್ಷ ಒಂದು ಸಂಜೆ ಇದೇ ಕ್ಲಿನಿಕ್ಕಿನಲ್ಲಿ ಕಣ್ಣು ತೋರಿಸಿಕೊಂಡು ನಡೆದು ಹೋಗುವಾಗ ಸೇತುವೆಯ ಬಳಿ ಯಾವುದೋ ಕಾರು ಗುದ್ದಿತು. ಕಾರು ಸಿಗಲಿಲ್ಲ. ತಾತ ಬೆಳಗಾಗುವ ಮುಂಚೆ ತೀರಿಹೋದ. ತಾತನ ಹೆಂಡತಿ, ಅಜ್ಜಿಯ ಕೈಗೆ ಬಂದದ್ದು ಒಂದೇ ಗಾಜು ಉಳಿದಿದ್ದ ಕನ್ನಡಕ.

"ಅಂದ್ರೆ ನಾವು ತಂದಿರೋ ಕಾರು..." ಮೇಷ್ಟ್ರ ಹೆಂಡತಿಗೆ ಮಾತು ಮುಂದೆ ಹೋಗಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡಳು. "ಇವನನ್ನ ಅದರಲ್ಲೇ ಕೂರಿಸ್ಕೊಂಡು ಬಂದೆ ನಾನು."

ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಇರುವ ಒಂದು ಕಾರಿನಲ್ಲಿ ಮೇಷ್ಟ್ರು ವಾದ್ಯಗಳನ್ನು ಹೇರಿಕೊಂಡು ಒಂದು ದಿಕ್ಕಿಗೆ ಹೋದರೆ, ಮಗುವನ್ನು ಬಿಡುವ ಶಿಶುಮನೆ ಇನ್ನೊಂದು ದಿಕ್ಕಿಗೆ, ಆಸ್ಪತ್ರೆ ಮತ್ತೊಂದು ದಿಕ್ಕಿಗೆ. ಅದಕ್ಕೇ ಕೈಗೆಟುಕುವಂಥ ಹಳೇ ಕಾರೊಂದನ್ನು ಹುಡುಕಿದ್ದರು.

"ಹೇಗೆ ಆರಿಸಿದ್ರಿ ಇದನ್ನ? ಮೊದಲಿಂದ ಹೇಳಿ," ಅಂದರು ಡಾಕ್ಟರಮ್ಮ.

"ಅಣ್ಣನ್ನ ಕರ್ಕೊಂಡು ಹೋಗಿದ್ವಿ," ಅಂದಳು ಅವಳು. "ಆಫೀಸಿನ ಗಾಡಿಗಳನ್ನೆಲ್ಲ ಅವನೇ ನೋಡ್ಕೊಳ್ಳೋದು, ಕಾರು ಅಂದ್ರೆ ಅವನಿಗೆ ಅಂಗೈ ನೆಲ್ಲಿಕಾಯಿ ಇದ್ದ ಹಾಗೆ. ಮೊದಲು ನೋಡಿದ್ದು ಒಳಗೆಲ್ಲ ಮುಗ್ಗಲು ವಾಸನೆ. ನೀರಲ್ಲಿ ನಿಂತಿರೋ ಗಾಡಿ, ಬೇಡ ಅಂದ. ಇನ್ನೊಂದು ಪೆಟ್ರೋಲ್ ಕುಡಿಯೋ ರಾಕ್ಷಸ. ಆಮೇಲೆ ಈ ಬೂದು ಬಣ್ಣದ್ದು. ಹಿಂದುಗಡೆ ಮಗು ಸೀಟು ಸಲೀಸಾಗಿ ಕೂತಿತು, ನನಗೆ ಅಲ್ಲೇ ಮನಸ್ಸಾಯ್ತು. ಅಣ್ಣ ಮಾತ್ರ ಇದಕ್ಕೂ ಮೂಗು ಮುರಿದ. ಬಣ್ಣ ಚೆನ್ನಾಗಿಲ್ಲ ಅಂದ, ಇಂಜಿನ್ ಸದ್ದು ಅಂದ. ಪಕ್ಕದ ದೊಡ್ಡ ಕಾರು ತಗೋ, ಕಮ್ಮಿ ಬಿದ್ರೆ ನಾನು ಕೊಡ್ತೀನಿ ಅಂದ. ನಾನು ಕೇಳಲಿಲ್ಲ."

"ಇಂಜಿನ್ ಸದ್ದು ಮಾಡ್ತಿತ್ತಾ?"

"ಎಲ್ಲಿ ಸದ್ದು? ಬೆಣ್ಣೆ ಥರ ಓಡುತ್ತೆ. ತಮಾಷೆ ಅಂದ್ರೆ ರಿವರ್ಸ್ ಗೇರ್ ಮಾತ್ರ ವ್ಯಾಪಾರಿಗೇ ಬೀಳಲಿಲ್ಲ. ಇವರು ಒದ್ದಾಡಿದ್ರು, ನಾನೂ ಒದ್ದಾಡಿದೆ. ಕೊನೆಗೆ ಅಣ್ಣ ಕೂತವನೇ ಸರ್ ಅಂತ ಹಿಂದೆ ತಗೊಂಡ. ಈ ಥರದ ಕಾರು ಮುಟ್ಟಿದ್ದೇ ಇಲ್ಲ ಅಂತಾನೆ, ನೋಡಿ, ಕೈಗುಣ."

ಡಾಕ್ಟರಮ್ಮ ಕಾರನ್ನು ಯಾರೂ ಮುಟ್ಟಬಾರದು ಎಂದು ಹೇಳಿ ದಂಪತಿಯನ್ನು ಕಳಿಸಿದರು. ಗಾಜನ್ನು ಹಿಡಿದು ಸಿಸ್ಟರ್ ಜೊತೆ ನೇರ ಅಜ್ಜಿಯ ಮನೆಗೆ ಹೋದರು. ಅಜ್ಜಿ ಬೀರುವಿನಿಂದ ಕನ್ನಡಕ ತೆಗೆದುಕೊಟ್ಟಳು. ಖಾಲಿ ಕಟ್ಟಿನೊಳಗೆ ಗಾಜು ಟಕ್ಕೆಂದು ಕೂತಿತು. ಅಜ್ಜಿ ಅಳಲಿಲ್ಲ. ಬಾಯಿ ತೆರೆದದ್ದು ತೆರೆದಂತೆಯೇ ಅದನ್ನು ನೋಡುತ್ತ ನಿಂತುಬಿಟ್ಟಳು. ಸಿಸ್ಟರ್‌ಗೆ ಅಳುವಿಗಿಂತ ಅದೇ ಹೆಚ್ಚು ಹೆದರಿಕೆ ತಂದಿತು.

ಅಲ್ಲಿಂದ ಹಳೇ ಕಾರುಗಳ ಅಂಗಳ. ವ್ಯಾಪಾರಿ ಮೊದಲು ಹಲ್ಲು ಕಿರಿದ, ಗಾಜಿನ ಸಂಗತಿ ಕೇಳಿದ ಮೇಲೆ ಅವನ ಮುಖ ಬಿಳುಚಿಕೊಂಡಿತು.

"ಮುಂದಿನ ಗಾಜು ಬದಲಾಯಿಸಿದ್ದಾರೆ, ಬಾನೆಟ್‌ಗೆ ಹೊಸ ಬಣ್ಣ ಹೊಡೆದಿದ್ದಾರೆ ಅಂತ ಗೊತ್ತಿತ್ತಮ್ಮ. ಗಿರಾಕಿಗೆ ಹೇಳಲಿಲ್ಲ, ಅದು ನನ್ನ ತಪ್ಪೇ. ಮರದ ಕೊಂಬೆ ಬಿದ್ದಿತ್ತು ಅಂದಿದ್ರು."

"ಯಾರು ಅಂದಿದ್ದು?"

"ಔಷಧಿ ಸಾಗಿಸೋ ಕಂಪನಿಯವರು. ಹಳೇ ಗಾಡಿಗಳನ್ನೆಲ್ಲ ಒಟ್ಟಿಗೆ ಮಾರಿದ್ರು. ಒಬ್ಬ ಓಡಿಸಿದ ಗಾಡಿ ಅಲ್ಲ ಇದು, ಆಫೀಸಿನಲ್ಲಿ ಯಾರು ಬೇಕಾದ್ರೂ ತಗೊಂಡು ಹೋಗ್ತಿದ್ರಂತೆ."

ಅಂಗಳದ ಮೂಲೆಯಲ್ಲಿ ಅದೇ ಥರದ ಇನ್ನೊಂದು ಕಾರಿತ್ತು. ಡಾಕ್ಟರಮ್ಮ ಅದರಲ್ಲಿ ಕೂತು ಗೇರಿನ ಜೊತೆ ಗುದ್ದಾಡಿದರು. ಹಿಡಿಯ ಕೆಳಗೆ ಒಂದು ಬಳೆಯಂಥದ್ದಿತ್ತು. ಅದನ್ನು ಬೆರಳಿಂದ ಮೇಲಕ್ಕೆ ಎಳೆದರಷ್ಟೇ ರಿವರ್ಸ್ ಗೇರ್ ಬೀಳುತ್ತಿತ್ತು. ನೋಡಿದರೆ ಗೊತ್ತಾಗುವಂಥದ್ದಲ್ಲ. ಇಳಿದು ಬಂದಾಗ ಅವರ ಮುಖ ಗಂಟಾಗಿತ್ತು.

"ಹೇಳಬಾರದಾ ನನಗೆ?" ಅಂದರು ಸಿಸ್ಟರ್.

"ಹೇಳೋಕೆ ಇಷ್ಟ ಇಲ್ಲ ಸಿಸ್ಟರ್. ನಾಳೆ ಹೇಳಲೇಬೇಕಾಗುತ್ತೆ."

ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಕರೆಸಿದವರೆಲ್ಲ ಕ್ಲಿನಿಕ್ಕಿಗೆ ಬಂದರು. ಮೇಷ್ಟ್ರು, ಅವರ ಹೆಂಡತಿ, ಅಜ್ಜಿ ಮೊದಲೇ ಬೆಂಚಿನ ಮೇಲಿದ್ದರು. ವ್ಯಾಪಾರಿ ಬಾಗಿಲು ತಳ್ಳಿ ಸೋತ. ಪೊಲೀಸ್ ಇನ್‌ಸ್ಪೆಕ್ಟರ್ ಭುಜ ಕೊಟ್ಟು ತಳ್ಳಿ ಸೋತರು. ಕೊನೆಗೆ ಬಂದವನು ಅಣ್ಣ. ಬಾಗಿಲು ಸರ್ರನೆ ಸರಿಯಿತು. ಒಳಗೆ ಬಂದು ತಂಗಿಯ ಪಕ್ಕ ನಿಂತ. ನುಣ್ಣಗೆ ಕ್ಷೌರ ಮಾಡಿದ, ಸೌಮ್ಯ ಮುಖದ ಮನುಷ್ಯ.

"ಮೊದಲ ಸಲ ಬರ್ತಿದೀರಾ ಇಲ್ಲಿಗೆ?" ಎಂದು ಕೇಳಿದರು ಡಾಕ್ಟರಮ್ಮ.

"ಹೌದಮ್ಮ. ತಂಗಿ ಕರೆದಳು ಅಂತ ಬಂದೆ."

ಡಾಕ್ಟರಮ್ಮ ನಿಂತೇ ಮಾತು ಶುರುಮಾಡಿದರು. "ಈ ಗಾಜು ತಾತಂದು, ಕಟ್ಟಿಗೆ ಹಾಕಿ ನೋಡಿದೀವಿ. ಗುದ್ದಿದ ಏಟಿಗೆ ಹಾರಿ ಜಾಲರಿ ಸಂದಿಗೆ ಬಿದ್ದಿದೆ. ಕಾರು ರಿಪೇರಿ ಮಾಡಿಸಿದವರು ಮುಂದಿನ ಗಾಜು ಬದಲಾಯಿಸಿದ್ರು, ಬಣ್ಣ ಹೊಡೆಸಿದ್ರು, ಜಾಲರಿ ಒಳಗೆ ಕೈ ಹಾಕಲಿಲ್ಲ. ಕಾರು ಔಷಧಿ ಕಂಪನಿಯದು, ಓಡಿಸ್ತಿದ್ದವರು ಬಹಳ ಜನ. ಆದ್ರೆ ಕೊಂಬೆ ಬಿತ್ತು ಅಂತ ಹೇಳಿ ಸದ್ದಿಲ್ಲದೆ ರಿಪೇರಿ ಮಾಡಿಸೋದು ಗಾಡಿಗಳ ಉಸ್ತುವಾರಿ ಇರೋರಿಗೆ ಸುಲಭ."

ಮೇಷ್ಟ್ರ ಹೆಂಡತಿ ನಿಧಾನವಾಗಿ ಅಣ್ಣನ ಕಡೆ ತಿರುಗಿದಳು. "ನಿನ್ನ ಆಫೀಸಿನ ಕಾರಾ ಅದು? ಅಂಗಳದಲ್ಲಿ ಯಾಕೆ ಹೇಳಲಿಲ್ಲ?"

"ಗುರುತು ಹತ್ತಲಿಲ್ಲ ಕಣೆ. ಒಂದೇ ಥರದ ಕಾರು ಎಷ್ಟಿರುತ್ತೆ."

"ನಿಮಗೆ ಗುರುತು ಹತ್ತಲಿಲ್ಲ, ನಿಮ್ಮ ಕೈಗೆ ಹತ್ತಿತು," ಅಂದರು ಡಾಕ್ಟರಮ್ಮ. "ಮುಟ್ಟೇ ಇಲ್ಲ ಅಂದ ಕಾರಿನ ಗೇರ್ ಕೆಳಗಿನ ಬಳೆ ಎಳೆದ್ರಿ. ಮೊದಲ ಸಲ ಬಂದೆ ಅಂದ ಕ್ಲಿನಿಕ್ಕಿನ ಬಾಗಿಲು ಸರಿಸಿದ್ರಿ. ಸ್ವಲ್ಪ ಆ ಕುರ್ಚಿ ಮೇಲೆ ಕೂತ್ಕೊಳ್ಳಿ."

ಅವನು ಕೂತ. ಡಾಕ್ಟರಮ್ಮ ಸಣ್ಣ ಟಾರ್ಚ್ ಹಿಡಿದು ಅವನ ಎಡಗಣ್ಣಿನೊಳಗೆ ಬಗ್ಗಿ ನೋಡಿದರು. 

"ನನಗೆ ಮುಖ ನೆನಪಿರಲ್ಲ. ಪಾಪೆಯ ಪಕ್ಕದಲ್ಲಿ ಎಳ್ಳಿನಂಥ ಮಚ್ಚೆ ಇರೋ ಈ ಕಣ್ಣು ನೋಡಿದೀನಿ. ಸಿಸ್ಟರ್, ತಾತ ಕೊನೇ ಸಲ ಬಂದ ಸಂಜೆ ಬೆಂಚಿನ ಮೇಲೆ ಇನ್ಯಾರಿದ್ರು?"

ಸಿಸ್ಟರ್ ಆ ಸಂಜೆಯನ್ನು ಎಷ್ಟು ಸಲ ನೆನೆದಿರಲಿಲ್ಲ! ಆದರೆ ಪ್ರತಿ ಸಲವೂ ತಾತನನ್ನೇ ನೆನೆದಿದ್ದರು. ಈಗ ಬೆಂಚಿನ ಆ ತುದಿ ಕಣ್ಣಿಗೆ ಬಂತು. ತಲೆನೋವೆಂದು ಬಂದಿದ್ದ ಗಡ್ಡದ ಯುವಕ. ತಾತನಿಗೆ ಎದ್ದು ಜಾಗ ಕೊಟ್ಟಿದ್ದ. ಅವನ ತಲೆ ಒರಗಿಸಿ ಪಾಪೆ ಹಿಗ್ಗಿಸುವ ಹನಿ ಹಾಕಿದ್ದು ಇದೇ ತಮ್ಮ ಕೈ.

"ಗಡ್ಡ ಇತ್ತು," ಅಂದರು ಸಿಸ್ಟರ್.  "ಹನಿ ಹಾಕಿದೀನಿ, ಎದುರು ಬೆಳಕು ಕಣ್ಣಿಗೆ ಚುಚ್ಚುತ್ತೆ, ಗಾಡಿ ಓಡಿಸಬೇಡಿ ಅಂದೆ. ತಂಗಿ ಬಂದು ಕರ್ಕೊಂಡು ಹೋಗ್ತಾಳೆ ಅಂದ್ರು."

ಡಾಕ್ಟರಮ್ಮ ಮೇಷ್ಟ್ರ ಹೆಂಡತಿಯನ್ನು ಕೇಳಿದರು. "ಬಂದಿದ್ರಾ ನೀವು?"

"ಇಲ್ಲ," ಅಂದಳು ಅವಳು. "ಈ ಬೀದಿಗೆ ನಾನು ಕಾಲಿಟ್ಟಿದ್ದೇ ಮನೆ ಹುಡುಕೋಕೆ ಬಂದಾಗ."

 ಅಣ್ಣ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ಮಾತು ಬಂತು.

"ಸೇತುವೆ ಹತ್ರ ಎದುರಿಂದ ಲಾರಿ ಬಂತು. ಬರೀ ಬೆಳಕು. ಏನೂ ಕಾಣಲಿಲ್ಲ. ಸದ್ದು ಕೇಳಿ ನಿಲ್ಲಿಸಿದೆ."

ಆಗ ಅಜ್ಜಿ ಮೊದಲ ಬಾರಿಗೆ ಬಾಯಿ ಬಿಟ್ಟಳು. "ನಿಲ್ಲಿಸಿದ್ಯಾ? ಇಳಿದ್ಯಾ?"

"ಇಳಿದೆ."

"ಅವರಿಗೆ ಪ್ರಜ್ಞೆ ಇತ್ತಾ?"

ಅವನು ತಲೆಯೆತ್ತಲಿಲ್ಲ. "ಇತ್ತು. ಬೆಂಚಿನ ಮೇಲೆ ಕೂತಿದ್ದವನು ಅಂತ ನನ್ನ ಗುರುತು ಸಿಗಲಿಲ್ಲ ಅವರಿಗೆ. ಅಪ್ಪಾ, ಎಲ್ಲ ಎರಡೆರಡು ಕಾಣ್ತಿದೆ, ನನ್ನ ಕನ್ನಡಕ ಹುಡುಕಿ ಕೊಡು ಅಂದ್ರು. ಹುಡುಕಿದೆ. ನನಗೂ ಕಣ್ಣು ಕಾಣ್ತಿರಲಿಲ್ಲ. ಅಷ್ಟರಲ್ಲಿ ದೂರದಲ್ಲಿ ಇನ್ನೊಂದು ಗಾಡಿ ಬೆಳಕು ಬಂತು. ಹತ್ತಿ ಹೊರಟುಬಿಟ್ಟೆ."

 ಗುದ್ದಿ ಓಡಿದ ಯಾರೋ ಒಬ್ಬನನ್ನು ಸಿಸ್ಟರ್ ಇಷ್ಟು ದಿನ ಮನಸ್ಸಿನಲ್ಲಿ ಶಪಿಸುತ್ತ ಬಂದಿದ್ದರು. ಇಳಿದು, ಮಾತಾಡಿಸಿಕೊಂಡು, ಆಮೇಲೆ ಬಿಟ್ಟುಹೋಗಿರಬಹುದು ಎಂದು ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಇನ್‌ಸ್ಪೆಕ್ಟರ್ ಜೇಬಿನಿಂದ ಪುಸ್ತಕ ತೆಗೆದರು. "ಇಲ್ಲಿ ಹೇಳಿದ್ದನ್ನ ನಾಳೆ ವಕೀಲರು ಬಂದು ಹೇಳೇ ಇಲ್ಲ ಅಂತಾರೆ. ನಾನು ಕೇಳಿದ್ದು ಸಾಲಲ್ಲ. ಕೋರ್ಟಿನಲ್ಲಿ ನಿಂತು ಹೇಳೋರು ಬೇಕು."

ಅಣ್ಣ ತಂಗಿಯ ಕೈ ಹಿಡಿಯಲು ಕೈ ಚಾಚಿದ. "ಪುಟ್ಟೀ..." ಅಂದ.

ಅವಳು ಎದ್ದಳು. ಮಗುವನ್ನು ಮೇಷ್ಟ್ರ ತೋಳಿಗೆ ಕೊಟ್ಟಳು. ಅಣ್ಣನ ಚಾಚಿದ ಕೈಯನ್ನು ದಾಟಿ ಬೆಂಚಿನ ಆ ತುದಿಗೆ ಹೋಗಿ ಅಜ್ಜಿಯ ಪಕ್ಕ ಕೂತಳು. 

"ನಾನು ಹೇಳ್ತೀನಿ," ಅಂದಳು. "ಅವನ ಸ್ವಂತ ತಂಗಿ ಅಂತಲೇ ಬರ್ಕೊಳ್ಳಿ."