ತೊಣ್ಣೂರು ಅಂದರೆ ಎಷ್ಟು?

ಧಡ್!

ಮೌನಳ ಮೇಜಿನ ಮೇಲೆ ಗ್ರೀಸ್ ಮೆತ್ತಿದ ಕಬ್ಬಿಣದ ತುಂಡೊಂದು ಬಿತ್ತು. ಪೆನ್ನುಗಳು ಉರುಳಿದವು. ಪಕ್ಕದಲ್ಲಿದ್ದ ಕಾಫಿ ಲೋಟ ಬೀಳದೆ ಉಳಿದದ್ದೇ ಹೆಚ್ಚು.

"ಇದೆ ಯಾರು ಸೆಲೆಕ್ಟ್ ಪಣ್ಣಾಂಗ?" ಎಂದು ತಮಿಳಿನಲ್ಲಿ ಗುಡುಗಿದ, ಎದುರಿಗೆ ನಿಂತಿದ್ದ ಎತ್ತರದ ಮನುಷ್ಯ. ಇದನ್ನು ಆರಿಸಿದ್ದು ಯಾರು?

ಅದೊಂದು ಕಪ್ಲಿಂಗ್. ಎರಡು ಶಾಫ್ಟುಗಳನ್ನು, ಅಂದರೆ ತಿರುಗುವ ದಂಡಗಳನ್ನು, ಜೋಡಿಸಿ, ಒಂದರ ಶಕ್ತಿಯನ್ನು ಇನ್ನೊಂದಕ್ಕೆ ದಾಟಿಸುವ ಜೋಡಣೆ. ಅದರ ಪಿನ್ನುಗಳೆಲ್ಲ ಕತ್ತರಿಸಿದಂತೆ ತುಂಡಾಗಿದ್ದವು.

ಆರಿಸಿದ್ದು ಅವಳೇ. ಹತ್ತು ದಿನದ ಹಿಂದೆ, ಇದೇ ಮೇಜಿನ ಮೇಲೆ ಲೆಕ್ಕ ಹಾಕಿ...

'ಅಬ್ಬಾ, ಕೋಪಾನ ಮೂಗಿನ ತುದೀಲೇ ಇಟ್ಕೊಂಡು ಬಂದಿದಾನೆ!' ಮನಸ್ಸಿನಲ್ಲಿ ಅಂದುಕೊಂಡದ್ದು ಗಾಬರಿಯಲ್ಲಿ ಬಾಯಿಂದಲೇ ಬಂದುಬಿಟ್ಟಿತು.

"ಮೂಗಿನ ತುದೀಲಿ ಅಲ್ಲ, ಚೀಲದಲ್ಲಿ ಇಟ್ಕೊಂಡು ಬಂದೆ. ತಿರುವೊತ್ತಿಯೂರಿಂದ ಬಸ್ಸಲ್ಲಿ, ಮಡಿಲಲ್ಲಿ ಕೂರಿಸ್ಕೊಂಡು!"

ಕನ್ನಡ!

ಮೌನ ಕಣ್ಣರಳಿಸಿ ನೋಡಿದಳು. ಮದರಾಸಿನ ಪ್ಯಾರೀಸ್ ಕಾರ್ನರಿನ ಈ ಗಲ್ಲಿಯಲ್ಲಿ, ಬೆಲ್ಟು, ಬೇರಿಂಗು, ಗೇರ್‌ಬಾಕ್ಸುಗಳ ಅಂಗಡಿಗಳ ನಡುವೆ, ಎಂಟು ತಿಂಗಳಲ್ಲಿ ಅವಳ ಕಿವಿಗೆ ಬಿದ್ದ ಮೊದಲ ಕನ್ನಡ. ಅದೂ ಬೈಗುಳ!

"ನಿಮ್ಮ ಹೆಸರು?"

"ಮೌನ."

"ಹೆಸರು ಕೇಳ್ದೆ ರೀ. ಹೇಳಿ, ಏಕೆ ಸುಮ್ಮನಿದೀರಿ?"

"ಹೆಸರೇ ಮೌನ!"

ಅವನ ತುಟಿ ಒಂದು ಕ್ಷಣ ಅದುರಿತು. ನಗು ಬಂದದ್ದನ್ನು ನುಂಗಿಕೊಂಡು ಕುರ್ಚಿ ಎಳೆದು ಕೂತ.

"ನಾನು ಸುಜಯೀಂದ್ರ. ಹಿಟ್ಟಿನ ಮಿಲ್ ಮೆಂಟೆನೆನ್ಸು. ಫೋನಲ್ಲಿ ಆರ್ಡರ್ ಕೊಟ್ಟಿದ್ದು ನಾನೇ. ಸ್ವಿಚ್ ಹಾಕಿದ ಅರೆಗಳಿಗೆಗೆ ಪಿನ್ನೆಲ್ಲ ಪಟಪಟ ಅಂತು. ಪಾಪ, ಅವು ಮುರ್ಕೊಂಡು ಗೇರ್‌ಬಾಕ್ಸ್ ಉಳಿಸಿದವು. ಎರಡು ದಿನದಿಂದ ಮಿಲ್ ನಿಂತಿದೆ. ಎಲ್ಲಿ, ನಿಮ್ಮ ಲೆಕ್ಕ ತೋರ್ಸಿ."

ಅವಳು ನೋಟ್‌ಬುಕ್ ತೆಗೆದಳು. ಇಪ್ಪತ್ತು ಎಚ್‌ಪಿ. ಅಂದರೆ ಹದಿನೈದು ಕಿಲೋವ್ಯಾಟ್. ನಿಮಿಷಕ್ಕೆ ಒಂಬೈನೂರು ಸುತ್ತು. ತಿರುಚುವ ಬಲ ನೂರ ಐವತ್ತೊಂಬತ್ತು ನ್ಯೂಟನ್ ಮೀಟರ್. ಯಂತ್ರ ಶುರುವಾಗುವಾಗಿನ ಜಗ್ಗಾಟಕ್ಕೆಂದು ಅದರ ಒಂದೂವರೆ ಪಟ್ಟು. ಎಲ್ಲವೂ ಅಚ್ಚುಕಟ್ಟು.

"ಒಂಬೈನೂರಾ?" ಅವನ ಹುಬ್ಬು ಮೇಲೇರಿತು. "ನಾನು ತೊಣ್ಣೂರು ಅಂದೆನಲ್ರೀ!"

"ಅದೇ... ಒಂಬೈ-ನೂರು."

"ಅಯ್ಯೋ ರಾಮಾ! ತಮಿಳಲ್ಲಿ ತೊಣ್ಣೂರು ಅಂದ್ರೆ ತೊಂಬತ್ತು ಮ್ಮಾ!"

ಫ್ಯಾನಿನ ಗಾಳಿಗೆ ನೋಟ್‌ಬುಕ್ಕಿನ ಹಾಳೆ ಪಟಪಟನೆ ಬಡಿದುಕೊಂಡಿತು.

ತೊಂಬತ್ತು! ಸುತ್ತು ಹತ್ತು ಪಟ್ಟು ಕಡಿಮೆ ಅಂದರೆ ಬಲ ಹತ್ತು ಪಟ್ಟು ಹೆಚ್ಚು. ಡಿಪ್ಲೊಮಾದ ಮೊದಲ ವರ್ಷದ ಪಾಠ. ಸಾವಿರದ ಐನೂರ ತೊಂಬತ್ತೆರಡು ಬೇಕಿದ್ದ ಕಡೆ ಅವಳು ಆಟಿಕೆ ಕಳಿಸಿದ್ದಳು.

"ನಮ್ಮ ಪಾಂಡವಪುರದ ಪಕ್ಕ ತೊಣ್ಣೂರು ಅಂತ ಊರೇ ಇದೆ," ಎಂದಳು ಅವಳು. "ಕೆರೆ ಇದೆ. ಆ ಹೆಸರು ಕೇಳಿ ಫೋನಲ್ಲಿ ಖುಷಿಯಾಯ್ತು... ಕೊನೇಲಿ ನೂರು ಅಂತಿತ್ತಲ್ಲ, ಒಂಬೈನೂರೇ ಇರ್ಬೇಕು ಅಂದ್ಕೊಂಡೆ. ಇನ್ನೊಂದ್ಸಲ ಕೇಳಿದ್ರೆ ತಮಿಳು ಬರೋದಿಲ್ಲ ಅಂತ ಗೊತ್ತಾಗಿಬಿಡುತ್ತಲ್ಲಾ ಅಂತ..."

ಅವಳು ಬಾಗಿಲಿನತ್ತ ನೋಡಿದಳು. ಮಾಲೀಕ ಕೃಷ್ಣಪ್ರಸಾದರು ಬ್ಯಾಂಕಿನಿಂದ ಬರುವ ಹೊತ್ತು.

"ಈ ಕೆಲಸ ಹೋದ್ರೆ ನಾನು ಮತ್ತೆ ಬೀಗದ ಒಳಗೆ," ಎಂದಳು, ಯಾರಿಗೂ ಅಲ್ಲದಂತೆ.

"ಏನಂದ್ರಿ?"



ಅವಳು ಹೇಳಿದ್ದು ಬರೀ ಮಾತಿನ ಬೀಗವಲ್ಲ, ನಿಜವಾದ ಬೀಗ. ಅಪ್ಪ ಹೋದ ಮೇಲೆ ಅಣ್ಣ ಪ್ರತಾಪ್ ಅವಳನ್ನು ಪಲ್ಲಾವರಂಗೆ ಕರೆತಂದಿದ್ದ. ಅವನಿಗೆ ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಕೆಲಸ, ಅತ್ತಿಗೆ ಭಾವನಾಗೆ ಶಾಲೆಯಲ್ಲಿ ಪಾಠ. ಇಬ್ಬರೂ ಹೊರಟರೆ ವರಾಂಡದ ಗ್ರಿಲ್ಲಿಗೆ ಹೊರಗಿನಿಂದ ಬೀಗ. 'ಹೊಸ ಊರು, ಭಾಷೆ ಬರಲ್ಲ, ನಿನ್ನ ಒಳ್ಳೇದಕ್ಕೇ.' ಒಂದು ವರ್ಷ ಅವಳು ಆ ಸರಳುಗಳ ಹಿಂದೆ ನಿಂತು, ತಲೆಯ ಮೇಲೆ ಇಳಿಯುವ ವಿಮಾನಗಳನ್ನು ಎಣಿಸಿದ್ದಳು. ಹಟ ಹಿಡಿದು ಊಟ ಬಿಟ್ಟ ಮೇಲೆ ಈ ಕೆಲಸಕ್ಕೆ ಒಪ್ಪಿಗೆ ಸಿಕ್ಕಿತ್ತು. ಷರತ್ತು ಒಂದೇ: ಒಂದು ದೂರು ಬಂದರೂ ಕೆಲಸ ಬಂದ್. ಚನ್ನಪಟ್ಟಣದ ಸಂಬಂಧಕ್ಕೆ ಹ್ಞೂಂ ಅನ್ನಬೇಕು. ಆ ಮನೆಯವರಿಗೆ ಸೊಸೆ ಹೊಸಿಲು ದಾಟುವುದು ಇಷ್ಟವಿಲ್ಲ.

ಕೃಷ್ಣಪ್ರಸಾದರು ಒಳಗೆ ಬಂದೇಬಿಟ್ಟರು. ಮೇಜಿನ ಮೇಲಿನ ತುಂಡು ನೋಡಿ ಅವರ ಮುಖ ಕೆಂಪಾಯಿತು. "ಎನ್ನಮ್ಮಾ ಇದು?" ಎಂದು, ತಪ್ಪು ಯಾರದೆಂದು ತಮಿಳಿನಲ್ಲಿ ಕೇಳಿದರು.

ಮೌನ ಬಾಯಿ ತೆರೆದಳು.

"ನನ್ನದೇ ಸಾರ್," ಎಂದ ಸುಜಯೀಂದ್ರ, ನೋಟ್‌ಬುಕ್ ಮುಚ್ಚುತ್ತಾ. "ಸ್ಪೀಡು ತಪ್ಪಾಗಿ ಹೇಳ್ಬಿಟ್ಟೆ. ಇವರ ಲೆಕ್ಕ ಸರಿಯಾಗೇ ಇದೆ."

ಇದೇನು ಹೇಳುತ್ತಿದ್ದಾನೆ? ಅವಳು ಬೆಚ್ಚಿ ತಲೆಯೆತ್ತಿದಳು. 'ಹೇಳು ಮೌನ, ಈಗಲೇ ಹೇಳಿಬಿಡು... ತಪ್ಪು ನನ್ನದು ಅನ್ನು!'

ಅವಳು ಹೇಳಲಿಲ್ಲ.

ಅವನು ಮುರಿದ ಕಪ್ಲಿಂಗನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ತಿರುಗಿ ನೋಡಲಿಲ್ಲ.

ಆಮೇಲೆ ಮೂರು ವಾರ ಅವನ ಫೋನಿಲ್ಲ.

ಫೋನು ಬಡಿದುಕೊಂಡಾಗಲೆಲ್ಲ ಅವಳ ಕೈ ಮೊದಲು ಹೋಗುತ್ತಿತ್ತು. ಮಿಲ್ಲಿನಿಂದ ಬೇರೆ ಯಾರೋ ಮಾತಾಡುತ್ತಿದ್ದರು. ಸಂಜೆ ಬೀಚ್ ಸ್ಟೇಷನ್ನಿನಿಂದ ಹೊರಡುವ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ, ಹೂ ಕಟ್ಟುವ ಹೆಂಗಸರ ನಡುವೆ ಒತ್ತಿಕೊಂಡು ನಿಂತಾಗ, ಅದೇ ಯೋಚನೆ. 'ನನ್ನನ್ನು ಹೇಡಿ ಅಂದುಕೊಂಡಿರ್ತಾರೆ. ಅಲ್ಲದೆ ಇನ್ನೇನು ನಾನು?'

ಕೆಲಸ ಉಳಿದಿತ್ತು. ಆದರೆ ಆಫೀಸಿನ ಕುರ್ಚಿಯೂ ಈಗ ಗ್ರಿಲ್ಲಿನ ಹಾಗೇ ಅನ್ನಿಸುತ್ತಿತ್ತು.

ಒಂದು ಬುಧವಾರ ಬೆಲ್ಟ್ ಒಯ್ಯಲು ಮಿಲ್ಲಿನ ಫಿಟ್ಟರ್ ಅಪ್ಪಾಜಿ ಬಂದ. ಹೊಸೂರು ಕಡೆಯ ವಯಸ್ಸಾದ ಮನುಷ್ಯ, ಕನ್ನಡ ಬಲ್ಲವನು.

"ಸುಜಯೀಂದ್ರ ಸಾರ್ ಹೇಗಿದಾರೆ?" ಅವಳು ಬಿಲ್ಲಿನಿಂದ ತಲೆಯೆತ್ತದೆ ಕೇಳಿದಳು.

"ಏನ್ ಹೇಳ್ಲವ್ವಾ... ಸಾರ್‌ನ ಗೋಡೌನಿಗೆ ಹಾಕವ್ರೆ. ಅಷ್ಟು ಓದಿದೋರು ಮೂಟೆ ಎಣಿಸ್ತಾ ಕೂತವ್ರೆ. ಆ ಕಪ್ಲಿಂಗಿನ ದೆಸೆಯಿಂದ."

ಅವಳು ಪೆನ್ನು ಕೆಳಗಿಟ್ಟಳು.

ಪಾಪ, ಅವು ಮುರ್ಕೊಂಡು ಗೇರ್‌ಬಾಕ್ಸ್ ಉಳಿಸಿದವು... ಅವನದೇ ಮಾತು ಕಿವಿಯಲ್ಲಿ ತಿರುಗಿತು. ಅಯ್ಯೋ, ಮುರಿದದ್ದು ಪಿನ್ನು ಮಾತ್ರವಲ್ಲ!

ಮರುದಿನ ಅವಳು ಒಂದು ಹಾಳೆ ತೆಗೆದುಕೊಂಡಳು. ತಪ್ಪಿದ ಲೆಕ್ಕ ಒಂದು ಕಡೆ, ಸರಿಯಾದ ಲೆಕ್ಕ ಇನ್ನೊಂದು ಕಡೆ. ಕೆಳಗೆ: 'ಸುಜಯೀಂದ್ರ ಅವರು ವೇಗವನ್ನು ಸರಿಯಾಗಿಯೇ ಹೇಳಿದ್ದರು. ತಪ್ಪಾಗಿ ಕೇಳಿಸಿಕೊಂಡು, ಮತ್ತೊಮ್ಮೆ ವಿಚಾರಿಸದೆ ಬರೆದುಕೊಂಡವಳು ನಾನು.' ಇಂಗ್ಲಿಷಿನಲ್ಲಿ ಬರೆದು, ಪೂರ್ತಿ ಹೆಸರು ಹಾಕಿ, ಕೃಷ್ಣಪ್ರಸಾದರ ಮುಂದಿಟ್ಟಳು.

ಅವರು ಎರಡು ಸಲ ಓದಿ, ತಮಿಳು ಇಂಗ್ಲಿಷು ಬೆರೆಸಿ ಹೇಳಿದರು:

"ಇದು ಮಿಲ್ಲಿಗೆ ಹೋದ್ರೆ ಹೊಸ ಕಪ್ಲಿಂಗ್ ನಾನು ಸುಮ್ಮನೆ ಕೊಡಬೇಕಾಗುತ್ತೆ. ನಿನ್ನನ್ನ ಇಟ್ಕೊಳ್ಳೋಕೂ ಆಗಲ್ಲಮ್ಮಾ."

"ಗೊತ್ತು ಸಾರ್."

"ಗೊತ್ತಿದ್ದೂ?"

"ಹೌದು ಸಾರ್."

ಅವರು ಮಿಲ್ಲಿನ ನಂಬರ್ ಒತ್ತಿದರು. ಫ್ಯಾಕ್ಸ್ ಯಂತ್ರ ಕೀರಲು ದನಿಯಲ್ಲಿ ಅರಚುತ್ತಾ ಹಾಳೆಯನ್ನು ಎಳೆದುಕೊಂಡಿತು. ಅವಳು ಟಿಫನ್ ಡಬ್ಬಿ, ಛತ್ರಿ, ಕ್ಯಾಲ್ಕುಲೇಟರ್ ಎತ್ತಿಕೊಂಡು ಹೊರಟಳು.

ಅಂದು ಸಂಜೆ ಪ್ರತಾಪ್ ಎಲ್ಲವನ್ನೂ ಕೇಳಿದ. ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು.

"ಭಾನುವಾರ ಚನ್ನಪಟ್ಟಣದವರಿಗೆ ಬರೋಕೆ ಹೇಳ್ತೀನಿ," ಎಂದು ಊಟಕ್ಕೆ ಕೂತ.

ಶುಕ್ರವಾರ ಅವನಿಗೆ ವಾರದ ರಜೆ. ಭಾವನಾಳ ಶಾಲೆಗೂ ಅಂದು ರಜೆ ಇತ್ತು. ಇಬ್ಬರೂ ಪಲ್ಲಾವರಂ ಸಂತೆಗೆ ಹೊರಟರು. ಗ್ರಿಲ್ಲಿಗೆ ಬೀಗ ಬಿತ್ತು. ಕ್ಲಿಕ್! ಸುಮಾರು ಒಂಬತ್ತು ತಿಂಗಳ ನಂತರ ಅದೇ ಸದ್ದು.

ಮೌನ ಸರಳು ಹಿಡಿದು ನಿಂತಳು. ಒಂದು ವಿಮಾನ ಇಳಿಯಿತು. ಎರಡು... ಮೂರು...

"ನಾಲ್ಕನೇದು ಲೇಟು ಅನ್ಸುತ್ತೆ."

ಗ್ರಿಲ್ಲಿನಾಚೆ ಸುಜಯೀಂದ್ರ! ಬೆವರಿನಲ್ಲಿ ತೊಯ್ದ ಅಂಗಿ, ಕೈಯಲ್ಲಿ ಮಡಚಿದ ಫ್ಯಾಕ್ಸ್ ಹಾಳೆ.

"ನೀವು... ಇಲ್ಲಿ..."

"ವಿಳಾಸ ನಿಮ್ಮ ಸಾರ್ ಹತ್ರ ಕೇಳ್ದೆ. ಮೊದಲು ಬೈದ್ರು, ಆಮೇಲೆ ಕೊಟ್ರು." ಅವನ ಕಣ್ಣು ಬೀಗದ ಮೇಲೆ ಬಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತು. "ಬೀಗದ ಒಳಗೆ ಅಂದಿದ್ರಲ್ಲ ಆವತ್ತು... ಸುಮ್ಮನೆ ಮಾತಿಗೆ ಅಂದ್ರಿ ಅನ್ಕೊಂಡಿದ್ದೆ ರೀ."

ಅವಳು ತಡೆದಿದ್ದ ಅಳು ಸಿಟ್ಟಾಗಿ ಹೊರಬಂತು.

"ಯಾಕೆ ಸುಳ್ಳು ಹೇಳಿದ್ರಿ? ನಾನು ಕೇಳಿದ್ನಾ? ನಿಮ್ಮ ಉಪಕಾರದೊಳಗೆ ಮೂರು ವಾರ ಉಸಿರು ಕಟ್ಟಿತು ನನಗೆ! ಗೊತ್ತಾ?"

"ಆಮಾ... ಹೌದು, ತಪ್ಪು ನನ್ನದು," ಅವನು ತಲೆತಗ್ಗಿಸಿದ. "ಆದ್ರೆ ಪೂರ್ತಿ ಸುಳ್ಳಲ್ಲ ಮೌನ. ನೀವು ಕಳಿಸಿದ ಕಪ್ಲಿಂಗ್ ನಮ್ಮ ಶಾಫ್ಟಿಗೆ ಕೂರಲೇ ಇಲ್ಲ. ತೂತು ಚಿಕ್ಕದು. ಲೇತ್ ಮೆಷಿನಲ್ಲಿ ಕೊರೆದು ದೊಡ್ಡದು ಮಾಡು ಅಂತ ಅಪ್ಪಾಜಿಗೆ ಹೇಳ್ದೋನು ನಾನೇ. ಕೂರದೇ ಇದ್ದಾಗ ಯಾಕೆ ಅಂತ ಕೇಳ್ಬೇಕಿತ್ತು. ಕೇಳಲಿಲ್ಲ. ನಿಮ್ಮ ಹಾಗೇ."

ಅವಳು ಕಣ್ಣೊರೆಸಿಕೊಂಡಳು. "ಹಾಗಾದ್ರೆ... ಇಬ್ಬರದೂ?"

"ಇಬ್ಬರದೂ. ಮ್ಯಾನೇಜರ್‌ಗೆ ನಾನೂ ಇವತ್ತು ಎಲ್ಲ ಹೇಳ್ದೆ. ಚೆನ್ನಾಗಿ ಬೈದು ಮತ್ತೆ ಮೆಷಿನ್ ಹತ್ರ ಹಾಕಿದ್ರು. ಈ ಹಾಳೆ ಎತ್ತಿ ಹಿಡಿದು, ಇಷ್ಟು ನೀಟಾಗಿ ತನ್ನ ತಪ್ಪು ಬರೆಯೋಳು ಯಾರು ಅಂದ್ರು. ಡ್ರಾಯಿಂಗ್ ಸೆಕ್ಷನ್ನಲ್ಲಿ ಒಂದು ಜಾಗ ಇದೆ. ಸೋಮವಾರ ಇಂಟರ್ವ್ಯೂ. ಕೊಡ್ತಾರೋ ಇಲ್ಲವೋ, ಅದು ನಿಮ್ಮ ಕೈಲಿದೆ. ನಾನು ಒಂದು ಮಾತೂ ಆಡಿಲ್ಲ."

ಅವಳ ಬೆರಳು ಸರಳಿನ ಮೇಲೆ ಬಿಗಿಯಾಯಿತು.

"ಇದನ್ನ ಹೇಳೋಕೆ ಇಷ್ಟು ದೂರ ಬಂದ್ರಾ?"

"ಇಲ್ಲ." ಅವನು ಹಾಳೆಯನ್ನು ಇನ್ನೊಂದು ಸಲ ಮಡಚಿದ. ಮಡಚಲು ಇನ್ನು ಜಾಗವಿರಲಿಲ್ಲ. "ಗೋಡೌನಲ್ಲಿ ಮೂಟೆ ಎಣಿಸುವಾಗ ತೊಂಬತ್ತು ಬಂದಾಗಲೆಲ್ಲ ಎಣಿಕೆ ತಪ್ತಿತ್ತು. ಮೊದಲಿಂದ ಎಣಿಸ್ತಿದ್ದೆ. ದಿನಾ... ಅದೇ ಹೇಳೋಕೆ ಬಂದೆ. ನೀವಂದ್ರೆ ನನಗೆ..."

"ಯಾರ್ರೀ ಅದು?"

ಪ್ರತಾಪ್! ಎರಡು ಕೈಯಲ್ಲೂ ತರಕಾರಿ ಚೀಲ, ಹಿಂದೆ ಭಾವನಾ.

ಕೃಷ್ಣಪ್ರಸಾದರ ಮುಂದೆ ಹೇಳದೆ ಉಳಿದದ್ದು ಮೌನಳಿಗೆ ನೆನಪಾಯಿತು. ಸುಜಯೀಂದ್ರ ಉತ್ತರಿಸಲು ಹೊರಟಾಗ ಅವಳು ಕೈಯೆತ್ತಿ ತಡೆದಳು. ಈ ಸಲ ಬೇರೆ ಯಾರೂ ಅವಳ ಪರವಾಗಿ ಹೇಳುವುದು ಬೇಡ.

"ಅಣ್ಣ, ಇವರು ಸುಜಯೀಂದ್ರ. ನನ್ನನ್ನ ನೋಡೋಕೆ ಬಂದಿದಾರೆ. ಸೋಮವಾರ ನನಗೆ ಇಂಟರ್ವ್ಯೂ ಇದೆ, ಹೋಗ್ತೀನಿ. ಭಾನುವಾರ ಚನ್ನಪಟ್ಟಣದವರು ಬರೋದು ಬೇಡ, ಫೋನ್ ಮಾಡಿ ಹೇಳಿಬಿಡು." ಅವಳು ಸರಳಿನ ಸಂದಿಯಿಂದ ಅಂಗೈ ಚಾಚಿದಳು. "ಬೀಗದ ಕೈ ಕೊಡು."

"ಮೌನಾ, ನಿನ್ನ ಒಳ್ಳೇದಕ್ಕೇ ಅಲ್ವೇನೇ ನಾನು..."

"ಗೊತ್ತು ಅಣ್ಣ. ಅಪ್ಪ ಇಲ್ಲದ ಭಯ ನಿನಗೆ. ನನಗೂ ಇದೆ. ಆದ್ರೆ ನೀನು ಹೊರಗೆ ನಿಂತು ಬೀಗ ಹಾಕಿದ್ರೆ, ಆ ಭಯದ ಜೊತೆ ಒಳಗೆ ಉಳಿಯೋಳು ನಾನೊಬ್ಬಳೇ."

ಪ್ರತಾಪ್ ಬೀಗವನ್ನೂ ತಂಗಿಯ ಅಂಗೈಯನ್ನೂ ನೋಡಿದ.

"ರೀ, ಏನು ಯೋಚ್ನೆ ಮಾಡ್ತಾ ನಿಂತ್ರಿ?" ಹಿಂದಿನಿಂದ ಭಾವನಾ ಗದರಿದಳು. "ಕುಂಬಳಕಾಯಿ ಎತ್ಕೊಂಡು ನನ್ನ ಕೈ ಬಿದ್ದೋಯ್ತು. ಕೊಡ್ರೀ ಬೀಗದ ಕೈನ! ಬಂದವರಿಗೊಂದು ಕಾಫಿ ಆದ್ರೂ ಆಗ್ಲಿ."

ಅವನು ಚೀಲ ಇಳಿಸಿದ. ಜೇಬಿನಿಂದ ಬೀಗದ ಕೈ ತೆಗೆದು ತಂಗಿಯ ಅಂಗೈ ಮೇಲಿಟ್ಟ. ಅದು ಅವನ ಮೈ ಬಿಸಿಗೆ ಬೆಚ್ಚಗಿತ್ತು.

ಅವಳೇ ಒಳಗಿನಿಂದ ಕೈ ತೂರಿಸಿ, ತಡಕಾಡಿ, ಬೀಗ ತೆರೆದಳು.

ಕಾಫಿ ಕುಡಿಯುವಷ್ಟು ಹೊತ್ತೂ ಪ್ರತಾಪ್ ಹೆಚ್ಚು ಮಾತಾಡಲಿಲ್ಲ. "ಮನೇಲಿ ಯಾರ್ಯಾರಿದೀರಿ?" ಎಂದು ಒಂದು ಸಲ ಕೇಳಿದ. ಟಿ. ನಗರದಲ್ಲಿ ಮನೆ, ತಾಯಿ ಸರಸ, ಮೂರು ತಲೆಮಾರಿನಿಂದ ಮದರಾಸು ಎಂದೆಲ್ಲ ಸುಜಯೀಂದ್ರ ಹೇಳಿದ. "ಅದಕ್ಕೇ ಕನ್ನಡ ಹಿಂಗಿದೆ," ಎಂದ ಪ್ರತಾಪ್. ಒಪ್ಪಿಗೆಯೇನಲ್ಲ. ಆದರೆ ಬೀಗದ ಕೈಯನ್ನು ವಾಪಸ್ ಕೇಳಲಿಲ್ಲ.

ಸ್ಟೇಷನ್ನಿನ ತನಕ ಬಿಟ್ಟು ಬರುತ್ತೇನೆಂದು ಮೌನ ಚಪ್ಪಲಿ ಮೆಟ್ಟಿದಳು. ಯಾರೂ ತಡೆಯಲಿಲ್ಲ.

ರಸ್ತೆಯಲ್ಲಿ ಸಂತೆ ಮುಗಿಸಿ ಬರುವವರ ನೂಕುನುಗ್ಗಲು. ಬೀಗದ ಕೈ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

"ಅಣ್ಣ ಬಂದಾಗ ಏನೋ ಹೇಳ್ತಿದ್ರಿ," ಎಂದಳು, ಮುಂದೆ ನೋಡುತ್ತಾ. "ನೀವಂದ್ರೆ ನನಗೆ... ಅಂತ. ಪೂರ್ತಿ ಮಾಡ್ಲಿಲ್ಲ."

"ನೀವಂದ್ರೆ ನನಗೆ ಇಷ್ಟ. ತುಂಬಾ!" ಅವನು ನಡುರಸ್ತೆಯಲ್ಲೇ ನಿಂತುಬಿಟ್ಟ. "ನನ್ನ ಜೊತೆ ಇರ್ತೀರಾ, ಮೌನ?"

"ಎಷ್ಟು ವರ್ಷ?"

"ತೊಣ್ಣೂರು."

ಅವಳು ನಕ್ಕಳು. ಕಣ್ಣು ಮಾತ್ರ ತುಂಬಿ ಬಂತು.

"ನಾನು ಒಂಬೈನೂರು ಅಂತ ಬರ್ಕೋತೀನಿ..."

"ಬರ್ಕೊಳ್ಳಿ," ಎಂದ ಅವನು, ಅವಳ ಮುಷ್ಟಿಯನ್ನು ಬೀಗದ ಕೈಯ ಸಮೇತ ತನ್ನ ಕೈಯೊಳಗೆ ತೆಗೆದುಕೊಂಡು. "ಈ ಸಲ ನಾನು ತಿದ್ದೋದಿಲ್ಲ."