ಕಾರ್ಡ್ ನಂಬರ್ ಏಳುನೂರ ಅರವತ್ತೆಂಟು

ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೆದುರು ಲಸಿಕೆ ಗೋದಾಮಿನ ಶೀತಕೋಣೆ ತೆರೆದ ಮೇಲ್ವಿಚಾರಕ ಅಲ್ಲೇ ಕುಸಿದ. ಒಳಗೆ ಅವನ ಒಡಹುಟ್ಟಿದ ತಮ್ಮ ಮರಗಟ್ಟಿ ಬಿದ್ದಿದ್ದ. ಬೆರಳಿನ ಉಗುರುಗಳು ಕಿತ್ತುಹೋಗಿದ್ದವು.

ಇನ್ಸ್‌ಪೆಕ್ಟರ್ ಬಾಗಿಲು ಪರೀಕ್ಷಿಸಿದಳು. ಒಳಗಿನಿಂದ ಬಾಗಿಲು ತೆಗೆಯುವ ಗುಂಡಿಯ ತಂತಿ ಕತ್ತರಿಸಲಾಗಿತ್ತು. ಬಾಗಿಲನ್ನು ಯಾರ ಕಾರ್ಡ್ ತೆರೆದು ಮುಚ್ಚಿತೆಂಬ ನಿನ್ನೆಯ ವರದಿ ಕಚೇರಿಯ ಕಂಪ್ಯೂಟರಿನಲ್ಲಿ ಅಳಿಸಿಹೋಗಿತ್ತು. ಆದರೆ ಬಾಗಿಲಿನ ಕಾರ್ಡ್-ಬೀಗದ ಯಂತ್ರದೊಳಗೇ ಇನ್ನೊಂದು ಫೈಲ್ ಉಳಿದಿತ್ತು. ತೆರೆದರೆ ಒಂದಕ್ಷರವೂ ಅರ್ಥವಾಗುವಂತಿರಲಿಲ್ಲ.

"ಇದು ಬೈನರಿ ಫೈಲ್," ಎಂದಳು ಠಾಣೆಯ ಪ್ರೋಗ್ರಾಮರ್. "ಬರೀ ಬೈಟ್‌ಗಳ, ಅಂದ್ರೆ ಸಣ್ಣ ಸಂಖ್ಯೆಗಳ, ಸಾಲು. ಪೈಥಾನ್ ಭಾಷೇಲಿ ಒಂದು ಸಹಾಯಕ ಕೋಡ್ ಬರೀತೀನಿ. ಹತ್ತತ್ತು ಬೈಟ್ ಕತ್ತರಿಸಿ ಸಮಯ, ಬಾಗಿಲು, ಕಾರ್ಡ್ ಬಿಡಿಸಿಕೊಡತ್ತೆ."

ಮಧ್ಯಾಹ್ನದೊಳಗೆ ಉತ್ತರ ಬಂತು. ನಿನ್ನೆ ಸಂಜೆ ಆರೂ ಹನ್ನೆರಡು. ಹೊರಗಿನಿಂದ ಬೀಗ. ಕಾರ್ಡ್ ಏಳುನೂರ ಅರವತ್ತೆಂಟು.

ಅದು ಗೋದಾಮಿನ ಲಾರಿ ಚಾಲಕನ ಕಾರ್ಡ್. ಸತ್ತವನ ಜೊತೆ ಅವನು ಹೋದ ವಾರವಷ್ಟೇ ಕೈಕೈ ಮಿಲಾಯಿಸಿದ್ದ.

* * *

"ಮಾತಿಗೆ ಮಾತು ಬೆಳೀತು, ಹೊಡೆದೆ. ನಿಜ," ಎಂದ ಚಾಲಕ. "ಆದ್ರೆ ಕೊಲ್ಲೋದಾ? ನನ್ನ ಹೆಂಡ್ತಿ ಮಕ್ಕಳ ಮುಖ ನೋಡಿ ಹೇಳಿ ಮೇಡಂ."

ಅಷ್ಟರಲ್ಲಿ ಪ್ರೋಗ್ರಾಮರ್ ಓಡಿ ಬಂದಳು.

"ಅವನನ್ನ ಬಿಟ್ಬಿಡಿ. ತಪ್ಪು ನನ್ನದು. ಫೈಲಿನ ಕೊನೇ ದಾಖಲೆ ನೋಡಿ. ಇವತ್ತು ಬೆಳಿಗ್ಗೆ ಬಾಗಿಲು ತೆಗೆದಿದ್ದೂ ಏಳುನೂರ ಅರವತ್ತೆಂಟು ಅಂತಿದೆ."

"ಬೆಳಿಗ್ಗೆ ತೆಗೆದಿದ್ದು ಸತ್ತವನ ಅಣ್ಣ," ಎಂದಳು ಇನ್ಸ್‌ಪೆಕ್ಟರ್. "ಹತ್ತು ಜನ ನೋಡಿದ್ದಾರೆ."

"ಅದಕ್ಕೇ ಬಂದೆ. ಕಾರ್ಡ್ ನಂಬರಿಗೆ ಎರಡು ಬೈಟ್. ಇರೋದು ಸೊನ್ನೆ, ಮೂರು. ನನ್ನ ಕೋಡ್ ತಿರುವುಮುರುವಾಗಿ ಮೂರು, ಸೊನ್ನೆ ಅಂತ ಓದಿದೆ. ಮುಂದಿರೋ ಬೈಟಿಗೆ ಇನ್ನೂರ ಐವತ್ತಾರು ಪಟ್ಟು ಬೆಲೆ, ಹಾಗಾಗಿ ಮೂರು ಹೋಗಿ ಏಳುನೂರ ಅರವತ್ತೆಂಟು ಆಗತ್ತೆ. ಗೊತ್ತಿರೋ ದಾಖಲೆ ಜೊತೆ ಮೊದಲೇ ತಾಳೆ ನೋಡ್ಬೇಕಿತ್ತು."

"ಹಾಗಾದ್ರೆ ಸರಿಯಾದ ನಂಬರ್?"

"ಮೂರು. ಬೆಳಿಗ್ಗೇನೂ ಮೂರು, ನಿನ್ನೆ ಸಂಜೇನೂ ಮೂರು."

ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡು ಎದ್ದಳು. ಬೆಳಿಗ್ಗೆ ಸಾಂತ್ವನ ಹೇಳಲು ಅವಳೇ ಆ ಅಣ್ಣನ ಭುಜ ತಟ್ಟಿದ್ದಳು.

* * *

ಅಣ್ಣ ಗೋದಾಮಿನ ಕಚೇರಿಯಲ್ಲಿ ತಲೆತಗ್ಗಿಸಿ ಕೂತಿದ್ದ. ಅವಳು ಎಲ್ಲವನ್ನೂ ಮುಂದಿಟ್ಟಳು: ಕಾರ್ಡ್, ತಂತಿ, ಅಳಿಸಿದ ವರದಿ. ಅವನು ಅಲ್ಲಗಳೆಯಲಿಲ್ಲ.

"ಹೋದ ತಿಂಗಳು ಶೀತಕೋಣೆ ಎರಡು ದಿನ ಕೆಟ್ಟಿತ್ತು. ಹಾಳಾದ ಲಸಿಕೇನೇ ಆಸ್ಪತ್ರೆಗಳಿಗೆ ಕಳಿಸ್ದೆ. ಅವನಿಗೆ ಗೊತ್ತಾಯ್ತು. ಬೆಳಿಗ್ಗೆ ದೂರು ಕೊಡ್ತೀನಿ ಅಂದ."

"ಅವನು ಬಾಗಿಲು ಬಡಿದದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಅಣ್ಣಾ, ಅಣ್ಣಾ ಅಂತಿದ್ದ." ಅವನು ಕೈಗಳನ್ನೇ ನೋಡಿಕೊಂಡ. "ರೇಡಿಯೋ ಜೋರು ಮಾಡ್ದೆ."