ದೊಡ್ಡಕ್ಷರದ ಹೌದು

ಷ್ಯೂ ಮೇಷ್ಟರು ಪೇಶಾನ್‌ಳ ಅಂಗಡಿಗೆ ಮೊದಲ ಸಲ ಬಂದದ್ದು ಸಹಿಯ ಬದಲು ಒತ್ತುವ ತಮ್ಮ ಹೆಸರಿನ ಮುದ್ರೆ ಕೆತ್ತಿಸಲು. ಹಳೆಯದು ಸೀಳಿತ್ತು, ಬ್ಯಾಂಕಿನವರು ಒಪ್ಪುತ್ತಿರಲಿಲ್ಲ. ಆದರೆ ಅವತ್ತೇ ಅವಳ ಕಂಪ್ಯೂಟರ್ ಮಕಾಡೆ ಮಲಗಿತ್ತು. ಅದಿಲ್ಲದೆ ಕೆತ್ತುವ ಯಂತ್ರ ಅಲುಗುವುದಿಲ್ಲ.

"ಇದಕ್ಕೆ ವಯಸ್ಸಾಗಿದೆ, ಓನರಮ್ಮ. ವಿಂಡೋಸ್ ಹೊರೋಕಾಗ್ತಿಲ್ಲ. ಲಿನಕ್ಸ್ ಹಾಕಿಕೊಡ್ತೀನಿ, ಓಡಾಡ್ಕೊಂಡಿರತ್ತೆ" ಅಂದರು. ಚಿಯಾಯಿ ಊರಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವರು, ಮಾತಿನ ಮಲ್ಲ. ಪೇಶಾನ್ ತಲೆಯಾಡಿಸಿದಳು. ನಲವತ್ತೊಂದು ವರ್ಷದಲ್ಲಿ ಅವಳು ಖರ್ಚು ಮಾಡಿದ ಮಾತನ್ನು ಮೇಷ್ಟರು ಒಂದು ಮಳೆಗಾಲದಲ್ಲಿ ಆಡಿ ಮುಗಿಸಿರಬೇಕು.

ಲಿನಕ್ಸ್ ಬಂತು, ಆದರೆ ಚೀನೀ ಅಕ್ಷರ ಬರಲಿಲ್ಲ. ಕೀ ಒತ್ತಿದರೆ ಬರೀ ಇಂಗ್ಲಿಷ್. ಹೆಸರು ಬರೆಯಲಾಗದ ಮುದ್ರೆ ಅಂಗಡಿ ಇದ್ದೇನು ಫಲ? ಅಕ್ಷರ ಮೂಡಿಸುವ ಸಾಫ್ಟ್‌ವೇರ್ ಬೇರೆಯಾಗಿ ಹಾಕಬೇಕು, ಅದನ್ನು ನೀವೇ ಹಾಕಬೇಕು ಎಂದು ಮೇಷ್ಟರು ಕೈಕಟ್ಟಿ ನಿಂತರು. ಅವರು ಹೇಳಿದ ಸಾಲನ್ನು ಅವಳು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದಳು. ಪಾಸ್‌ವರ್ಡ್ ಕೇಳಿತು. ಒತ್ತಿದಳು. ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ.

"ಕೀ ಕೆಟ್ಟಿದೆ."

"ಕೆಟ್ಟಿಲ್ಲ. ಕಾಣಿಸಲ್ಲ ಅಷ್ಟೆ, ಒಳಗೆ ಹೋಗ್ತಿದೆ" ಎಂದು ಅವಳ ಮುಖ ನೋಡಿ ನಕ್ಕರು. "ನಿಮ್ಮ ಥರಾನೇ."

ಅವಳ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಕಂಪ್ಯೂಟರ್ ಒಂದು ಪ್ರಶ್ನೆ ಕೇಳಿ ನಿಂತಿತು. ಮುಂದುವರಿಯಲೇ? ಪಕ್ಕದಲ್ಲಿ ಹೌದು ಎನ್ನಲು ದೊಡ್ಡ ವೈ, ಬೇಡ ಎನ್ನಲು ಚಿಕ್ಕ ಎನ್.

"ದೊಡ್ಡಕ್ಷರದಲ್ಲಿ ಇರೋದನ್ನೇ ಅದು ಉತ್ತರ ಅಂದ್ಕೊಳ್ಳತ್ತೆ. ನೀವೇನೂ ಹೇಳ್ದೆ ಬರೀ ಎಂಟರ್ ಒತ್ತಿದ್ರೆ ಹೌದು ಅಂತ ಲೆಕ್ಕ."

ಇಂಥ ಯಂತ್ರ ಇಷ್ಟು ದಿನ ಎಲ್ಲಿತ್ತೋ! ತುಟಿ ಪಿಟಿಕ್ಕೆನ್ನದಿದ್ದರೂ ಹೌದೆಂದು ತಿಳಿಯುತ್ತದಂತೆ. ಅವಳು ಎಂಟರ್ ಒತ್ತಿದಳು.

ಹೋಗುವ ಮುನ್ನ ಮೇಷ್ಟರು ಹಸಿರು ಪೊಟ್ಟಣದ ಗುವಾಯ್‌ಗುವಾಯ್ ಕುರುಕಲು ತಿಂಡಿ ತಂದು ಕಂಪ್ಯೂಟರಿನ ತಲೆಯ ಮೇಲಿಟ್ಟರು. ಅದರ ಹೆಸರಿನ ಅರ್ಥವೇ ಜಾಣಮರಿಯಾಗಿರು ಎಂದು. ಹಸಿರೇ ಆಗಬೇಕು, ತಿನ್ನಬಾರದು, ಮೇಲಿನ ತಾರೀಕು ಮುಗಿಯುವುದರೊಳಗೆ ಬದಲಿಸಬೇಕು. ಇಲ್ಲದಿದ್ದರೆ ಯಂತ್ರ ಹಟ ಹಿಡಿಯುತ್ತದೆ ಎಂದು ಅಲ್ಲಿಯವರ ನಂಬಿಕೆ. ಈ ಪೊಟ್ಟಣಕ್ಕೆ ಅಕ್ಟೋಬರ್‌ವರೆಗೆ ಆಯಸ್ಸಿತ್ತು.

ಆಮೇಲೆ ಪ್ರತಿ ಗುರುವಾರ ಏನಾದರೊಂದು ನೆಪ. ಕಂಪ್ಯೂಟರ್ ನೋಡುವುದು ಐದು ನಿಮಿಷ, ಅವಳು ತರಿಸಿಟ್ಟ ಟರ್ಕಿಕೋಳಿ ಅನ್ನ ಉಣ್ಣುತ್ತ ಹರಟುವುದು ಒಂದು ಗಂಟೆ. ಅವಳು ಕೇಳುತ್ತಿದ್ದಳು. ಚೌರ ಮಾಡಿಸಿಕೊಂಡು ಬಂದ ದಿನ ಅವರು ಹತ್ತು ಸಲ ಕತ್ತು ಸವರಿಕೊಂಡದ್ದನ್ನೂ ಎಣಿಸಿದ್ದಳು.

ಮೇ ತಿಂಗಳ ಒಂದು ಗುರುವಾರ ಮೇಷ್ಟರು ಊಟ ಮುಟ್ಟಲಿಲ್ಲ. ಒಂದು ಚೀಟಿ ಮುಂದಿಟ್ಟರು. ಅದರಲ್ಲಿ ಅವರ ಹೆಸರಿತ್ತು, ಪಕ್ಕದಲ್ಲಿ ಖಾಲಿ ಜಾಗ.

"ಜೋಡಿ ಮುದ್ರೆ ಬೇಕು. ಮದುವೆ ನೋಂದಣಿಗೆ. ಇನ್ನೊಂದು ಹೆಸರು... ನಿಮ್ಮದು ಹಾಕಬಹುದಾ?"

ಪೇಶಾನ್‌ಳ ಜೀವ ಬಾಯಿಗೆ ಬಂತು, ಮಾತು ಮಾತ್ರ ಬರಲಿಲ್ಲ. ಚೀಟಿಯನ್ನು ಜೋಪಾನವಾಗಿ ಮಡಿಸಿ ಡ್ರಾಯರಿನಲ್ಲಿಟ್ಟಳು. ಅವಳ ಮಟ್ಟಿಗೆ ಎಂಟರ್ ಒತ್ತಿಯಾಗಿತ್ತು. ಮೇಷ್ಟರು ಚಹಾ ಆರುವವರೆಗೆ ಕಾದರು. ಆಮೇಲೆ ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿ ಹೊರಟರು.

ಅವತ್ತೇ ಅವಳು ಎರಡೂ ಮುದ್ರೆ ಕೆತ್ತಿದಳು. ಮುಂದಿನ ಗುರುವಾರ ಅನ್ನ ತರಿಸಿ ಕಾದಳು. ಅದರ ಮುಂದಿನ ಗುರುವಾರವೂ. ತಾನು ಉತ್ತರ ಕೊಟ್ಟಾಗಿದೆ, ಬರಬೇಕಾದವರು ಅವರು ಎಂದುಕೊಂಡಳು. ದಿನ ಕಳೆದಂತೆ ಅವರು ಮನಸ್ಸು ಬದಲಿಸಿರಬೇಕು ಅನ್ನಿಸಿತು. ಹಾಗನ್ನಿಸಿದ ಮೇಲೆ ಫೋನ್ ಮುಟ್ಟಲು ನಾಚಿಕೆ. ಕಂಪ್ಯೂಟರ್ ಕೆಟ್ಟರೆ ಕರೆಯಬಹುದಿತ್ತು. ದರಿದ್ರದ್ದು ಕೆಡಲೇ ಇಲ್ಲ. ಅಕ್ಟೋಬರಿನ ತಾರೀಕು ಬಂತು, ಹೋಯಿತು, ಪೊಟ್ಟಣ ಮಾತ್ರ ಅಲ್ಲಾಡದೆ ಕೂತಿತ್ತು, ಕಂಪ್ಯೂಟರ್ ಕಿಮಕ್ಕೆನ್ನದೆ ಓಡುತ್ತಿತ್ತು. ಅವಳು ಎರಡಕ್ಕೂ ಹಿಡಿಶಾಪ ಹಾಕಿದಳು.

ಕೊನೆಗೆ ತಾನೇ ಕೆಡಿಸಿದಳು. ಅಕ್ಷರದ ಸಾಫ್ಟ್‌ವೇರ್ ತೆಗೆದುಹಾಕುವ ಸಾಲು ಟೈಪ್ ಮಾಡಿದಳು. ಮುಂದುವರಿಯಲೇ ಎಂದಿತು. ಎಂಟರ್. ಕ್ಷಣದಲ್ಲಿ ಊರಿನವರ ಹೆಸರೆಲ್ಲ ಅದರ ಪಾಲಿಗೆ ಇಲ್ಲವಾದವು. ಆಗ ಫೋನ್ ಮಾಡಿದಳು.

"ಅಕ್ಷರ ಹೋಯ್ತು, ಮೇಷ್ಟ್ರೇ."

ಅವರ ದನಿ ಹಾಗೆಯೇ ಇತ್ತು. ಆಗಸ್ಟಿನಲ್ಲೇ ವರ್ಗವಾಗಿ ಪೆಂಗ್‌ಹು ದ್ವೀಪಕ್ಕೆ ಬಂದಿದ್ದರಂತೆ. ಬರಲಾಗುವುದಿಲ್ಲ, ಫೋನಿನಲ್ಲೇ ಹೇಳಿಕೊಡುತ್ತೇನೆ ಎಂದರು. ಅವಳು ಟೈಪ್ ಮಾಡುತ್ತಿದ್ದಂತೆ, ಮುಚ್ಚಿಡುವುದು ಸರಿಯಲ್ಲವೆಂಬಂತೆ, ಸೋದರತ್ತೆ ನೋಡಿದ ಹುಡುಗಿಯ ಜೊತೆ ಹೋದ ತಿಂಗಳು ಮದುವೆ ನೋಂದಣಿಯಾಯಿತು ಎಂದೂ ಹೇಳಿದರು. ಪೇಶಾನ್‌ಳ ಬೆರಳು ಕೀಗಳ ಮೇಲೆ ನಿಂತಿತು.

"ಈಗ ಏನು ಕೇಳ್ತಿದೆ?"

"ಮುಂದುವರೀಲಾ ಅಂತ." "ಆವತ್ತು ನೀವು ಕೇಳಿದಾಗ್ಲೂ ನಾನು ಸುಮ್ನಿದ್ದೆ. ಏನೂ ಹೇಳ್ದಿದ್ರೆ ಹೌದು ಅಂತ ಲೆಕ್ಕ ಅಂತ ನೀವೇ ಹೇಳ್ಕೊಟ್ಟಿದ್ರಿ."

ಆ ಕಡೆ ಸಮುದ್ರದ ಗಾಳಿಗೆ ಮೇಷ್ಟರು ಕಿಟಕಿ ಮುಚ್ಚಿದ್ದು ಕೇಳಿಸಿತು.

"ಎಲ್ಲಾ ಪ್ರಶ್ನೆಗೂ ಹೌದು ದೊಡ್ಡಕ್ಷರದಲ್ಲಿ ಇರಲ್ಲ, ಪೇಶಾನ್" ಎಂದರು. ಓನರಮ್ಮ ಎನ್ನದೆ ಹೆಸರು ಹಿಡಿದದ್ದು ಅದೇ ಮೊದಲು. "ಕೆಲವು ಪ್ರಶ್ನೇಲಿ ಬೇಡ ಅನ್ನೋದು ದೊಡ್ಡದಿರತ್ತೆ. ಅಲ್ಲಿ ಸುಮ್ನಿದ್ರೆ ಬೇಡ ಅಂತ. ಅದನ್ನ ನಾನು ಹೇಳ್ಕೊಡಲೇ ಇಲ್ಲ."

ಫೋನ್ ಇಟ್ಟ ಮೇಲೂ ಪ್ರಶ್ನೆ ಪರದೆಯ ಮೇಲೆ ಹಾಗೇ ನಿಂತಿತ್ತು. ಅವಳು ಡ್ರಾಯರ್ ತೆರೆದು ಎರಡು ಮುದ್ರೆಗಳನ್ನೂ ಕೈಯಲ್ಲಿ ಹಿಡಿದು ನೋಡಿದಳು. ಒಂದಕ್ಕೂ ಇನ್ನೂ ಕೆಂಪು ಶಾಯಿ ಸೋಕಿರಲಿಲ್ಲ. ಅವನ್ನು ಮತ್ತೆ ಒಳಗಿಟ್ಟು, ಕಣ್ಣೊರೆಸಿಕೊಂಡು, ಈ ಸಲ ಹುಡುಕಿ ವೈ ಕೀ ಒತ್ತಿದಳು. ಯಾರೂ ಇಲ್ಲದ ಅಂಗಡಿಯಲ್ಲಿ ಬಾಯಿಬಿಟ್ಟು "ಹೌದು" ಅಂದಳು.